ಕಿತ್ತಳೆ ಕೋಟಿನ ಶನಿವಾರ

ಸೆಪ್ಟೆಂಬರ್ 29, ಸೋಮವಾರ

ಬೆಳಗ್ಗೆಯಿಂದ ಟೈರ್ ಬಿಚ್ಚೋದು, ಹಾಕೋದು. ಎಲ್ಲಾ ಗೋಧಿ ಲಾರಿಗಳದ್ದು. ಉಗುರಲ್ಲಿರೋ ಗ್ರೀಸ್ ಈ ಪುಸ್ತಕಕ್ಕೂ ಮೆತ್ತಿದೆ. ಮೆತ್ಕೊಳ್ಲಿ. ಯಾರು ಓದ್ತಾರೆ ಇದನ್ನ.

ಅಂಗಡೀಲಿ ಒಂದೇ ಮಾತು. ನಮ್ಮ ಯೂನಿವರ್ಸಿಟಿ ಫುಟ್‌ಬಾಲ್ ಕೂಟ ಒಡೆದುಹೋಯ್ತು. ಇಷ್ಟು ವರ್ಷ ಜೊತೇಲಿ ಆಡಿದ ಯೂನಿವರ್ಸಿಟಿಗಳೆಲ್ಲ ದುಡ್ಡಿರೋ ಕೋಸ್ಟ್ ಕೂಟಕ್ಕೆ ಹಾರಿದ್ವು. ಉಳಿದಿರೋದು ನಾವು ಹಾಲ್ಬರ್ಗ್, ಗುಡ್ಡದಾಚೆ ಟ್ಯಾನರ್ ಕ್ರೀಕ್‌ನ ಹಸಿರು ಜರ್ಸಿ ಕೋತಿಗಳು, ಇನ್ನೊಂದಿಷ್ಟು ಚಿಲ್ಲರೆ. ಕೋಸ್ಟ್‌ನೋರು ಇನ್ನೂ ಎರಡು ಯೂನಿವರ್ಸಿಟಿ ಸೇರಿಸ್ಕೊಳ್ತಾರಂತೆ. ಅಕ್ಕಪಕ್ಕದ ಜೋಡಿ ಬೇಕಂತೆ. ರೇಡಿಯೋದಲ್ಲಿ ಬಂತು. ಅಕ್ಟೋಬರ್ ಹದಿನೆಂಟಕ್ಕೆ ನಮ್ಮ ಆಟ, ಫೀಲ್ಡ್ ನೋಡೋಕೆ ಅವರ ಜನ ಬರ್ತಾರೆ.

ತಗೋತಾರೆ. ನಮ್ಮನ್ನ ಬಿಟ್ಟು ಇನ್ಯಾರನ್ನ ತಗೋತಾರೆ?

ಕೋಲ್ಟರ್ ಊಟಕ್ಕೆ ಬಂದಿದ್ದ. ನನ್ನ ತಮ್ಮ. ಹಾಲ್ಬರ್ಗ್ ಟೀಮಲ್ಲಿ ಚೆಂಡು ಎಸೆಯೋನು. ಊರೆಲ್ಲಾ ಅವನ ಬಲತೋಳಿಗೆ ನೇತಾಡ್ತಿದೆ. ಕೋಸ್ಟ್‌ನ ಯಾವುದೋ ಕೋಚ್ ನಮ್ಮಲ್ಲಿಗೆ ಬಾ ಅಂತ ಫೋನ್ ಮಾಡ್ತಿದಾನಂತೆ. ಕೂಟ ಸಿಕ್ರೆ ಇಲ್ಲೇ ಇರ್ತೀನಿ, ಸಿಗ್ದಿದ್ರೆ ಹೋಗ್ತೀನಿ ಅಂದ. ತಟ್ಟೆ ನೋಡ್ಕೊಂಡೇ ಅಂದ.

ಅಮ್ಮ ಅರಿಜೋನಾದಲ್ಲಿ, ಹೊಸ ಗಂಡನ ಜೊತೆ. ಈ ಮನೇಲಿ ನಾನು, ಅವನು. ಅಷ್ಟೇ.

ಸಿಗತ್ತೆ, ತಿನ್ನು ಅಂದೆ.

ಅಕ್ಟೋಬರ್ 2

ವರ್ನಾನ್ ಹೊಟ್ಟೆ ಉರಿಸಿದ. ನಮ್ಮ ಟೈರ್ ಅಂಗಡಿ ಓನರ್. ಕುಯ್ಲಿನ ಕಾಲ, ಹೋದ ಆಟಕ್ಕೆ ಅರ್ಧ ಬೆಂಚು ಖಾಲಿ, ಕೋಸ್ಟ್‌ನೋರು ಬಂದು ಪಾರಿವಾಳ ಎಣಿಸ್ಕೊಂಡು ಹೋಗ್ತಾರೆ ಅಂದ. ಆಮೇಲೆ — ನಿನಗ್ಯಾಕೆ ಅಷ್ಟು ಉರಿ, ನೀನು ಹೈಸ್ಕೂಲೂ ಮುಗಿಸಿಲ್ಲ.

ಮುಗಿಸಿಲ್ಲ. ಮುಗಿಯೋಕೆ ಒಂದು ವರ್ಷ ಇರುವಾಗ, ಹನ್ನೊಂದನೇ ಕ್ಲಾಸಲ್ಲಿ ಮೇಷ್ಟ್ರೊಬ್ಬ ಕೋಲ್ಟರ್‌ನ ಪೆದ್ದ ಅಂದ, ಕುರ್ಚಿ ಎಸೆದೆ, ಮನೆಗೆ ಬಂದೆ. ಯೂನಿವರ್ಸಿಟೀಲಿ ಒಂದು ಕ್ಲಾಸ್‌ರೂಮೂ ನೋಡಿಲ್ಲ. ಆದ್ರೂ ನಂದೇ ಅದು. ಓದೋಕೆ ಬಂದೋರು ನಾಲ್ಕು ವರ್ಷಕ್ಕೆ ಗಂಟು ಕಟ್ತಾರೆ. ನಾವು ಇಲ್ಲೇ ಇರ್ತೀವಿ.

ಫೀಲ್ಡ್ ತುಂಬಿಸ್ತೀನಿ ಅಂತ ವರ್ನಾನ್‌ಗೆ ಹೇಳ್ದೆ. ನಕ್ಕ. ನಗ್ಲಿ.

ಅಕ್ಟೋಬರ್ 5, ಭಾನುವಾರ

ಫೀಲ್ಡ್ ತುಂಬೋಕೆ ನಮ್ಮೂರೊಂದೇ ಸಾಲಲ್ಲ. ಇವತ್ತು ಗುಡ್ಡ ಹತ್ತಿಳಿದು ಟ್ಯಾನರ್ ಕ್ರೀಕ್‌ಗೇ ಹೋದೆ. ಚರ್ಚ್ ಮುಗಿದು ಎಲ್ರೂ ಕಾಫಿ ಕುಡೀತಿದ್ರು. ಮಧ್ಯದಲ್ಲಿ ಇರ್ಮಾ ಹೌಗನ್. ಎಪ್ಪತ್ತು ದಾಟಿದ ಮುದುಕಿ, ಅವರ ಟೀಮಿನ ಅಭಿಮಾನಿಗಳಿಗೆಲ್ಲಾ ರಾಣಿ. ನನಗೆ ಹಲ್ಲು ಬರೋಕೆ ಮುಂಚಿಂದ ನಮ್ಮೋರನ್ನ ಬೈತಿರೋಳು.

ನೇರ ಹೇಳ್ದೆ. ಹದಿನೆಂಟಕ್ಕೆ ನಿಮ್ಮ ಆಟ ಇಲ್ಲ. ಎಲ್ರೂ ಬನ್ನಿ, ನಮ್ಮ ಬೆಂಚಲ್ಲಿ ಕೂತ್ಕೊಳ್ಳಿ, ನಮ್ಮ ಕಿತ್ತಳೆ ಬಣ್ಣ ಹಾಕ್ಕೊಳ್ಳಿ. ಒಬ್ರೂ ಮನೇಲಿರಬಾರದು. ಕೋಸ್ಟ್‌ನೋರಿಗೆ ಜೋಡಿ ಬೇಕು. ಹೋದ್ರೆ ಇಬ್ರೂ ಹೋಗ್ತೀವಿ, ಇಲ್ಲಾಂದ್ರೆ ಇಬ್ರೂ ಮಣ್ಣು.

ಇರ್ಮಾ ಕಾಫಿ ಕೆಳಗಿಟ್ಳು.

"ನನ್ನ ಹೆಣಕ್ಕೂ ಆ ಬಣ್ಣ ಹಾಕ್ಬೇಡಿ ಅಂತ ಮಗಳಿಗೆ ಹೇಳಿಟ್ಟಿದೀನಿ ಕಣೇ."

ನಾನೂ ಬಿಡಲಿಲ್ಲ. ಜಿಂಕೆ ಬೇಟೆಗೆ ಏನು ಹಾಕ್ಕೋತೀರ ಹಾಗಾದ್ರೆ ಅಂದೆ. ಇಲ್ಲಿ ಎಲ್ಲರ ಮನೇಲೂ ಇದೆ ಆ ಕೋಟು, ಒಬ್ಬರು ಇನ್ನೊಬ್ಬರಿಗೆ ಗುಂಡು ಹೊಡೀದೆ ಇರ್ಲಿ ಅಂತ. ಬೆಂಕಿ ಥರ ಕಿತ್ತಳೆ. ಹಿಂದೆ ಯಾರೋ ಕಿಸಕ್ ಅಂದ್ರು. ಇರ್ಮಾ ನನ್ನ ಮುಖಾನೇ ನೋಡಿದ್ಳು, ನೋಡಿದ್ಳು... ಅದು ನಿಮ್ಮ ಬಣ್ಣ ಅಲ್ಲ, ಬೇಟೆ ಬಣ್ಣ, ಅದನ್ನ ಹಾಕ್ಕೊಂಡು ಬಂದ್ರೆ ನನಗೆ ಪಾಪ ಬರಲ್ಲ ಅಂದ್ಳು.

ಗೆದ್ದೆ.

ಅಕ್ಟೋಬರ್ 18, ಶನಿವಾರ, ಸಂಜೆ 6

ಧ್ವನಿ ಹೋಗಿದೆ. ಬರಿಯೋಕೆ ಧ್ವನಿ ಬೇಕಾಗಿಲ್ಲ.

ಗುಡ್ಡದ ರಸ್ತೆ ತುಂಬ ಪಿಕಪ್‌ಗಳು. ಬೇಟೆ ಕೋಟು, ಬೇಟೆ ಟೋಪಿ. ಒಬ್ಬ ಜಿಂಕೆ ಹೊಡ್ಕೊಂಡು ನೇರ ಬಂದಿದಾನೆ, ಗಾಡಿ ಹಿಂದೆ ಜಿಂಕೆ ಹಾಗೇ ಮಲಗಿದೆ. ಎರಡೂ ಊರಲ್ಲಿ ಅಂಗಡಿ ಬಂದ್. ಹಾಸಿಗೆ ಹಿಡಿದೋರನ್ನೂ ಕುರ್ಚೀಲಿ ಹೊತ್ಕೊಂಡು ಬಂದ್ರು. ಒಂದು ಬೆಂಚೂ ಖಾಲಿ ಇಲ್ಲ. ಮೇಲಿನ ಗಾಜಿನ ರೂಮಲ್ಲಿ ಕೋಸ್ಟ್‌ನೋರು ಎದ್ದು ನಿಂತು ಫೋನಲ್ಲಿ ಫೋಟೋ ಹೊಡೀತಿದ್ರು.

ಇರ್ಮಾ ನನ್ನ ಪಕ್ಕ. ಅಭ್ಯಾಸ ಬಲದಿಂದ ಮೊದಲ ಅರ್ಧಗಂಟೆ ನಮ್ಮೋರನ್ನೇ ಬೈದ್ಳು. ಆಮೇಲೆ ಕೋಲ್ಟರ್ ಒಂದು ಎಸೆದ. ಅಬ್ಬಾ. ಚೆಂಡು ಮೇಲೆ ಹೋಯ್ತು, ಅಲ್ಲಿಂದ ಹೋಗಿ ಓಡ್ತಿರೋ ನಮ್ಮೋನ ಎದೇಲಿ ಕೂತ್ಕೊಳ್ತು. ಮುದುಕಿ ನನ್ನ ಕೈ ಹಿಡ್ಕೊಂಡ್ಳು. ಬಿಡೋಕೆ ಮರೆತ್ಳು.

ಗೆದ್ವಿ. ಕೋಸ್ಟ್‌ನೋರ ಮುಖ ನೋಡಿದೆ. ಮುಗೀತು. ಕೋಲ್ಟರ್ ಎಲ್ಲೂ ಹೋಗಲ್ಲ.

ಅಕ್ಟೋಬರ್ 20

ಯೂನಿವರ್ಸಿಟಿ ಆಟದ ಡೈರೆಕ್ಟರಮ್ಮ ರೇಡಿಯೋದಲ್ಲಿ ನನ್ನ ಹೆಸರು ಹೇಳಿ ಥ್ಯಾಂಕ್ಸ್ ಅಂದ್ಳು. ವರ್ನಾನ್ ಡೋನಟ್ ತಂದ. ಬಾಯಿ ಮುಚ್ಕೊಂಡು ತಂದ.

ನವೆಂಬರ್ 13, ಗುರುವಾರ

ಕೋಸ್ಟ್‌ನೋರು ಇಲ್ಲ ಅಂದ್ರು.

ಹೈಸ್ಕೂಲ್ ಜಿಮ್‌ಗೆ ಎಲ್ರನ್ನೂ ಕರೆದಿದ್ರು, ಟ್ಯಾನರ್ ಕ್ರೀಕ್‌ನೋರನ್ನೂ. ಡೈರೆಕ್ಟರಮ್ಮ ಮೈಕ್ ಹಿಡ್ಕೊಂಡು ಕಾಗದ ನೋಡ್ಕೊಂಡು ಹೇಳಿದ್ಳು. ಜನ ನೋಡಿ ಅವರಿಗೆ ತುಂಬಾ ಖುಷಿ ಆಯ್ತಂತೆ. ಆದ್ರೆ ಒಂದು ಯೂನಿವರ್ಸಿಟಿ ಬೆಲೆ ಕಟ್ಟೋದು ಬೆಂಚಿಂದಲ್ಲವಂತೆ. ಎಷ್ಟು ಮನೇಲಿ ಟಿವೀಲಿ ಆಟ ನೋಡ್ತಾರೆ ಅನ್ನೋದ್ರಿಂದ. ದುಡ್ಡು ಕೊಡೋದು ಟಿವಿ ಕಂಪನಿ. ಆ ಶನಿವಾರ ಈ ಎರಡು ಕಣಿವೇಲಿ ಟಿವೀಲಿ ನಮ್ಮ ಆಟ ನೋಡಿದೋರು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಸ್ವಂತ ಊರೇ ನೋಡ್ದಿರೋ ಟೀಮನ್ನ ಬೇರೆಯೋರು ಯಾಕೆ ನೋಡ್ತಾರೆ ಅಂದ್ರಂತೆ.

ಎಲ್ಲಿಂದ ನೋಡ್ತಾರೆ? ಎಲ್ರೂ ಫೀಲ್ಡಲ್ಲಿದ್ರಲ್ಲ. ಒಬ್ರೂ ಮನೇಲಿರಬಾರದು ಅಂತ ಮನೆಮನೆಗೆ ಹೋಗಿ ಹೇಳಿದ್ದು ನಾನಲ್ವಾ.

ಒಬ್ಬೊಬ್ಬರೇ ತಿರುಗಿ ನನ್ನ ನೋಡಿದ್ರು. ಇರ್ಮಾ ನನ್ನ ಸಾಲಲ್ಲೇ ಇದ್ಳು.

"ನಮ್ಮನೇಲಿ ಮೂರು ಟಿವಿ ಇದೆ ಕಣೇ ಹುಡುಗಿ. ಮೂರೂ ಆರಿಸಿ, ಬೀಗ ಹಾಕ್ಕೊಂಡು ಬಂದೆ."

ಎದ್ದು ನಿಂತೆ. ಮೊದಲೇ ಯಾಕೆ ಬೊಗಳಲಿಲ್ಲ ಅಂತ ಡೈರೆಕ್ಟರಮ್ಮನಿಗೆ ಕೇಳ್ದೆ, ಅದೇ ಮಾತಲ್ಲಿ. ಅವಳಿಗೂ ಹೊಳೆದಿರಲಿಲ್ಲವಂತೆ. ಈ ಊರಲ್ಲಿ ಆಟ ಅಂದ್ರೆ ಹೋಗೋದು. ಯಾರಿಗೆ ಹೊಳೆಯತ್ತೆ. ಇರ್ಮಾ ನನ್ನ ಜಾಕೆಟ್ ಹಿಡಿದು ಎಳೆದು ಕೂರಿಸಿದ್ಳು. ಇನ್ನೊಂದ್ಸಲ ಕರೆದ್ರೂ ಬರ್ತೀನಿ, ಸುಮ್ನೆ ಕೂತ್ಕೋ ಅಂದ್ಳು.

ನವೆಂಬರ್ 14

ಸೋಫಾ ಮೇಲೆ ಬಿದ್ಕೊಂಡು ಚಿಪ್ಸ್ ಕಡಿಯೋನು ಲೆಕ್ಕಕ್ಕಿದಾನೆ. ಚಳೀಲಿ ನಿಂತು ಗಂಟಲು ಹರ್ಕೊಂಡೋನು ಇಲ್ಲ. ನಮಗೆ ಬೆಲೆ ಇಲ್ಲ ಅಂತ ಅಲ್ಲ. ಅವರಿಗೆ ಅಳೆಯೋಕೆ ಬರಲ್ಲ. ಬರದಿದ್ರೆ ಅವರ ಕರ್ಮ.

ಕೋಲ್ಟರ್ ನಿನ್ನೆಯಿಂದ ಮನೆಗೆ ಬಂದಿಲ್ಲ.

ಡಿಸೆಂಬರ್ 9, ಮಂಗಳವಾರ

ಕೋಲ್ಟರ್ ಇವತ್ತು ಕೋಸ್ಟ್‌ಗೆ ಹೋದ.

ಬೆಳಗ್ಗೆ ಬ್ಯಾಗು ಗಾಡಿಗೆ ಹಾಕ್ತಿದ್ದ. ಟೈರಲ್ಲಿ ಗಾಳಿ ಕಮ್ಮಿ ಇತ್ತು. ತುಂಬಿಸಿದೆ. ಇಷ್ಟು ದಿನ ಬೇಕಾದಷ್ಟು ಕೂಗಾಡಿದೀನಿ — ಬೆನ್ನು ಹಾಕೋನೇ, ಕೋಸ್ಟ್‌ನೋರ ಬಾಲವೇ, ಎಲ್ಲಾ ಆಗಿದೆ. ಅವನು ಬಾಗಿಲು ಮುಚ್ಚಿ ನಿಂತ.

"ರೋ, ನನಗೋಸ್ಕರ ಇರು ಅಂತ ಒಂದ್ಸಲ ಹೇಳು. ಇರ್ತೀನಿ."

"ಹೇಳಲ್ಲ."

ಟೈರ್ ಒದ್ದು ನೋಡಿದ. ಆಮೇಲೆ ಗಾಡಿ ಹತ್ತಿದ.

ಹೇಳಿದ್ರೆ ಇರ್ತಿದ್ದ. ಗೊತ್ತು ನನಗೆ. ಅದಕ್ಕೇ ಹೇಳಲಿಲ್ಲ. ಅಂಥ ತೋಳನ್ನ ಅಡುಗೆಮನೇಲಿ ನನ್ನ ಎದುರು ಕೂರಿಸ್ಕೊಳ್ಳೋಕೆ ನಾನ್ಯಾರು. ಅವನು ಎಲ್ಲಿ ಹೋದ್ರೂ ಎಸೀತಾನೆ. ನಾನು ಎಲ್ಲಿದ್ರೂ ಇರ್ತೀನಿ. ನನಗೇನಾಗಿದೆ.

ಏನೂ ಆಗಿಲ್ಲ.

ಸೆಪ್ಟೆಂಬರ್ 5, ಶನಿವಾರ, ಮಧ್ಯಾಹ್ನ 12.40

ಒಂಬತ್ತು ತಿಂಗಳ ಮೇಲೆ ಪುಸ್ತಕ ಸಿಕ್ತು. ಟೈರ್ ರಾಶಿ ಹಿಂದೆ ಬಿದ್ದಿತ್ತು.

ಉಳಿದ ಚಿಲ್ಲರೆ ಎಲ್ಲಾ ಸೇರಿ ಹೊಸ ಕೂಟ ಕಟ್ಟಿದೀವಿ. ಸಣ್ಣದು. ಬಸ್ಸಲ್ಲಿ ಹೋಗಿ ಬರೋ ದೂರ. ಇವತ್ತು ಮೊದಲ ಆಟ, ನಾವು, ಹಸಿರು ಕೋತಿಗಳು, ನಮ್ಮ ಫೀಲ್ಡಲ್ಲಿ, ಒಂದು ಗಂಟೆಗೆ. ಇರ್ಮಾ ನನ್ನ ಕರ್ಕೊಂಡು ಹೋಗೋಕೆ ಬರ್ತಾಳೆ. ಇವತ್ತು ಅಡಿಯಿಂದ ಮುಡಿವರೆಗೆ ಹಸಿರು ಅಂತೆ. ದಾರಿ ಉದ್ದಕ್ಕೂ ಬೈತಾಳೆ. ನಾನೂ ಬೈತೀನಿ. ಈ ವರ್ಷ ಅವರನ್ನ ಹಿಟ್ಟು ಮಾಡ್ತೀವಿ.

ಕೋಲ್ಟರ್‌ದೂ ಇವತ್ತೇ ಮೊದಲ ಆಟ. ಟಿವೀಲಿ. ಈಗಾಗಲೇ ಶುರುವಾಗಿದೆ. ಹಾಕಿದ್ರೆ ಕೋಸ್ಟ್‌ನೋರ ಲೆಕ್ಕಕ್ಕೆ ಒಂದು ಮನೆ ಜಾಸ್ತಿ. ನನ್ನ ಮನೆ. ಹತ್ತು ತಿಂಗಳಿಂದ ನಾನು ಉಗೀತಿರೋ ಲೆಕ್ಕ ಅದು.

ಹಾಕಿದೆ.

ಎಣಿಸ್ಕೊಳ್ಲಿ. ಅವರು ಏನಾದ್ರೂ ಅಂದ್ಕೊಳ್ಲಿ, ಈ ಒಂದು ಮನೆ ಅವರದ್ದಲ್ಲ, ಅವನದ್ದು.

ಬೆಂಚಲ್ಲಿ ಕೂತಿದಾನೆ. ಸಣ್ಣಗಾಗಿದಾನೆ. ತಲೆ ಬೋಳಿಸಿದಾರೆ, ಯಾವ ಕತ್ತೆ ಬೋಳಿಸ್ತೋ. ಕೈ ಉಜ್ಜಿಕೊಳ್ತಿದಾನೆ — ಹೆದರಿದಾನೆ. ಹೆದರ್ಕೋಬೇಡ. ಅಲ್ಲಿ ಯಾರಿಗೂ ನಿನ್ನಂಥ ತೋಳಿಲ್ಲ.

ಹೊರಗೆ ಇರ್ಮಾ ಹಾರ್ನ್ ಹೊಡೀತಿದಾಳೆ. ಬಂದೆ, ಒಂದು ನಿಮಿಷ.

ಕೋಚ್ ಅವನ ಕಡೆ ತಿರುಗಿದ. ಎದ್ದ. ಹೆಲ್ಮೆಟ್ ಹಾಕ್ಕೊಂಡ. ಕಳಿಸಿದ್ರು, ಒಳಗೆ ಕಳಿಸಿದ್ರು. ಮತ್ತೆ ಹಾರ್ನ್. ಇರೇ ಮುದುಕಿ. ಚೆಂಡು ಕೈಗೆ ಬಂತು. ಹಿಂದೆ ಸರಿದ, ಎಡಗಡೆ ನೋಡ್ತಿದಾನೆ, ಬಲಗಡೆ ಖಾಲಿ ಇದೆ ಕಣೋ, ಬಲಗಡೆ, ಎಸೀ —