ಹುಣಸೆಹಣ್ಣು ಹಾಕಿ ತಿಕ್ಕಿದ ಕಲ್ಲು

ರಾಮೇಶ್ವರದ ಬಳಿ ಮಂಡಪಂ, 12-3-2008

ಮಗ ಅಮರನಾಥನಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಸಮುದ್ರದ ಜೀವಿಗಳ ಬಗ್ಗೆ ಓದುತ್ತಿರುವ ನಿನ್ನ ಮಗಳು ಮೇಘನ, ಪ್ರಯೋಗಕ್ಕೆಂದು ಸಮುದ್ರದ ಕಲ್ಲೊಂದನ್ನು ಬೋಸಿಯ ನೀರಲ್ಲಿ ಇಟ್ಟಿದ್ದಳು. ಮೇಲೆಲ್ಲ ಗುಲಾಬಿ ಬಣ್ಣದ ಪಾಚಿ. ಕೊಳೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಿದೆ. ನೊರೆ ಬಂದು ಬಿಳಿಚಿಹೋಯಿತು.

"ಅಜ್ಜೀ, ಆ ಪಾಚಿಗೆ ಜೀವ ಇದೆ! ಮೈಯೆಲ್ಲ ಸುಣ್ಣ ಕಟ್ಕೊಂಡು ಬೆಳೆಯುತ್ತೆ, ಹುಳಿ ತಾಗಿದ್ರೆ ಕರಗುತ್ತೆ."

"ಮೊದಲೇ ಬೊಗಳೋಕೇನಾಗಿತ್ತೇ?"

"ನಮ್ಮ ಹೊಗೆ ಕುಡಿದು ಸಮುದ್ರವೇ ಹುಳಿಯಾಗ್ತಿದೆ, ಬಿಸಿಯಾಗ್ತಿದೆ. ಅಲ್ಲೂ ಇದಕ್ಕೆ ಇದೇ ಗತಿ" ಅಂದಳು.

ಅಲೆ ಎಷ್ಟು ಬಡಿದರೂ ಜಗ್ಗದೆ, ಬಿಡಿಬಿಡಿ ಹವಳದ ಕಲ್ಲನ್ನೆಲ್ಲ ಬೆಸೆದು ಹಿಡಿಯುವುದು ಇದೇ ಅಂತೆ. ಯಾವ ಗಾರೆಯವನೂ ಹಾಗೆ ಕಟ್ಟಲಾರ! ಎಂಥಾ ಗಟ್ಟಿ ಜೀವ! ಒಂದು ಅಂಚಿನಲ್ಲಿ ಇನ್ನೂ ಬಣ್ಣ ಉಳಿದಿದೆ. ಮೇಘನ ದಿನಾ ಹೊಸ ಸಮುದ್ರದ ನೀರು ಹಾಕುತ್ತಾಳೆ.

ಮಂಡಿನೋವು ಕಡಿಮೆ. ಭಾನುವಾರದ ಟಿಕೆಟ್ ರದ್ದು ಮಾಡಿಸು. ಅದು ಬದುಕಿತೋ ಸತ್ತಿತೋ ನೋಡದೆ ನಾನು ನಮ್ಮೂರು ಯಲ್ದೂರಿಗೆ ಹೊರಡುವುದಿಲ್ಲ.

ಅಮ್ಮ