ನೆಲ ಗುಡಿಸಿದ ಲಂಗ

ಮಾರ್ಚ್ ೬, ಗುರುವಾರ

ಪ್ರೀತಿಯ ಗುಬ್ಬಿ,

ನಿನ್ನ ಮೂರು ಪತ್ರಕ್ಕೂ ಉತ್ತರ ಬರೆದಿಲ್ಲ, ಬೈದುಕೋ. ಶಾಲೆ ಮಕ್ಕಳ ಸಮವಸ್ತ್ರದ ಹೊಲಿಗೆ ತಲೆ ಮೇಲೆ ಕೂತಿತ್ತು ಅಂತ ನೆವ ಹೇಳಬಹುದು. ಸುಳ್ಳು ಯಾಕೆ? ಹೆದರಿಕೆಯಾಗಿತ್ತು.

ಹೋದ ತಿಂಗಳು ನನ್ನ ನೀಲಿ ಲಂಗ ನೆಲ ಗುಡಿಸತೊಡಗಿತು. ನಾನೇ ಅಳೆದು ಹೊಲಿದದ್ದು! ಎಲಾಸ್ಟಿಕ್ ಸಡಿಲವಾಯಿತೇನೋ ಅಂತ ಬದಲಿಸಿದೆ. ಮತ್ತೂ ಗುಡಿಸಿತು. ಕೊನೆಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ನಿನ್ನ ಭಾವ ನೆತ್ತಿ ಮೇಲೆ ಸ್ಕೇಲಿಟ್ಟು, ಟೇಪು ಹಿಡಿದು, "ಲಂಗ ಬೆಳೆದಿಲ್ಲ ಕಣೇ, ನೀನೇ ಎರಡು ಇಂಚು ಕುಗ್ಗಿದ್ದೀಯ" ಅಂತ ನಕ್ಕರು. ನನ್ನ ಮುಖ ನೋಡಿ ಟೇಪು ಸುತ್ತಿಟ್ಟು ಡಾಕ್ಟರಮ್ಮನಿಗೆ ಫೋನ್ ಮಾಡಿದರು.

ಬೆನ್ನುನೋವಿನ ತಪ್ಪನ್ನೆಲ್ಲ ಇಷ್ಟು ದಿನ ಹೊಲಿಗೆ ಯಂತ್ರದ ತಲೆಗೆ ಕಟ್ಟಿದ್ದೆ. ಡಾಕ್ಟರಮ್ಮ ಬೆನ್ನುಮೂಳೆ ಮೇಲೆ ಬೆರಳು ಒತ್ತಿದಾಗ ಜೀವ ಬಾಯಿಗೆ ಬಂತು. "ನಾಲ್ಕು ವರ್ಷದ ಹಿಂದೆ ಸ್ತನದ ಗಡ್ಡೆ ತೆಗೆದ ಮೇಲೆ ಕೊಟ್ಟ ಮಾತ್ರೆ ಮೂಳೆ ಸವೆಸುತ್ತೆ, ಅದಕ್ಕೇ ಆರು ತಿಂಗಳಿಗೊಂದು ಇಂಜೆಕ್ಷನ್ ಅಂದಿದ್ದೆ. ಎರಡು ಸಲ ಯಾಕೆ ಬರಲಿಲ್ಲ?" ಅಂದರು. "ಚೆನ್ನಾಗೇ ಇದ್ದೆನಲ್ಲ" ಅಂದೆ. "ಬರೀ ಸವೆತವಾದರೆ ಹೇಗೋ ನಿಭಾಯಿಸೋಣ. ಕ್ಯಾನ್ಸರ್ ಕಣಗಳು ಮೂಳೆಗೆ ಬಂದು ಕೂತಿದ್ದರೆ ಕತೆ ಬೇರೆ. ಸ್ಕ್ಯಾನ್ ಆಗಲಿ" ಅಂದರು. ಹದಿನಾಲ್ಕಕ್ಕೆ ಸ್ಕ್ಯಾನು.

ಭಯ ಕಣೇ ಗುಬ್ಬಿ. ಎಲ್ಲಿ ಏನು ಮುರಿಯುತ್ತೋ ಅಂತ ಕೆಮ್ಮಲೂ ಭಯ. ನಿನ್ನ ಭಾವ "ಎಲ್ಲ ಸರಿಹೋಗುತ್ತೆ" ಅಂತ ದಿನಕ್ಕೆ ಹತ್ತು ಸಲ ಹೇಳಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ನನಗೆ ಕೇಳಿಸೋಲ್ಲ ಅಂದುಕೊಂಡಿದ್ದಾರೆ, ಪಾಪ. ಹದಿಮೂರಕ್ಕೇ ಬಂದುಬಿಡು, ನನ್ನ ಜೊತೆ ಆ ಸ್ಕ್ಯಾನ್ ಕೋಣೆ ಬಾಗಿಲವರೆಗಾದರೂ ಬಾ.

ಮಕ್ಕಳಿಗೆ ಮುತ್ತು. ನೂರು ವರ್ಷ ನೆಟ್ಟಗೆ ನಿಂತು ಬಾಳು.

ನಿನ್ನ
ಅಕ್ಕ

ವಿ.ಸೂ.: ನಿನಗೆ ಹೇಳದೇ ಮುಚ್ಚಿಟ್ಟದ್ದೊಂದಿದೆ. ಕೊನೆಯ ವರ್ಷ ಅಮ್ಮನ ಲಂಗವೂ ನೆಲ ಗುಡಿಸುತ್ತಿತ್ತು. "ಕಾಲಿಗೆ ತೊಡರುತ್ತೆ, ನೋಡೇ" ಅಂತ ತಂದುಕೊಟ್ಟಳು. "ಸೋಮಾರಿ, ನೆಟ್ಟಗೆ ನಿಂತುಕೋ" ಅಂತ ರೇಗಿಸಿ, ಮೂರೂ ಲಂಗದ ಅಂಚು ಎರಡೆರಡು ಇಂಚು ಮಡಿಚಿ ಹೊಲಿದೆ. ಕಂಡವರಿಗೆಲ್ಲ ಅಳತೆ ತೆಗೆಯುವವಳು ಅಮ್ಮನಿಗೆ ಟೇಪು ಹಿಡಿಯಲಿಲ್ಲ. ಅವಳ ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ ಅಂತ ತಿಳಿದದ್ದು ಅದಾಗಿ ನಾಲ್ಕು ತಿಂಗಳಿಗೆ. ಅಮ್ಮನೂ ನಾನೂ ಒಂದೇ ಎತ್ತರ ಇದ್ದೆವಲ್ಲ. ನಿನ್ನೆ ಅಂಚು ಮಡಿಚಿದ ಅವಳ ಲಂಗ ಹಾಕಿಕೊಂಡು ನೋಡಿದೆ. ಸರಿಯಾಗಿ ಕೂತಿತು.