ಡಕಾರದ ಮೇಲಿನ ಗುಡಿಸು

ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಮೆಟ್ಟಿಲು ಹತ್ತಬೇಡ ಅಂತ ಡಾಕ್ಟರು ಹೇಳಿದ್ದನ್ನು ಕೇಳುವವನಲ್ಲ ನೀನು, ಅತ್ತಿಗೆಯಾದರೂ ಗದರಿಸಲಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದನ್ನೂ ಹರಿಯುವ ಮೊದಲು ಅಂಚೆಗೆ ಹಾಕಿಬಿಡಬೇಕು.

ನನ್ನ ಹಳೇ ಹುಚ್ಚು ನಿನಗೆ ಗೊತ್ತೇ ಇದೆ. ಕಟ್ಟಿದ ಒಂಬತ್ತೇ ತಿಂಗಳಿಗೆ ಕುಸಿದ ಆ ಸೇತುವೆ, ಮಂತ್ರಿಯ ರಾಜೀನಾಮೆ, ವಿಚಾರಣಾ ಆಯೋಗ. ನಲವತ್ತು ವರ್ಷವಾಯಿತು, ಆ ಹಗರಣದ ಬಗ್ಗೆ ಒಂದು ಚೂರು ಕಾಗದ ಸಿಕ್ಕರೂ ಓದದೆ ಬಿಟ್ಟಿಲ್ಲ. ಲೈಬ್ರರಿಯವನು ನನ್ನನ್ನು ಸೇತುವೆ ಅಮ್ಮ ಅಂತಲೇ ಕರೆಯುತ್ತಾನೆ. "ಅತ್ತೆ, ಆ ಮಂತ್ರಿಗೇ ಇಷ್ಟು ನೆನಪಿರಲಿಕ್ಕಿಲ್ಲ" ಅಂತ ಸೊಸೆ ನಗುತ್ತಾಳೆ. ಅವಳಿಗೇನು ಗೊತ್ತು! ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವನು ನೀನು, ನೀನು ಓದಿ ಹೇಳಿದ್ದನ್ನು ಟೈಪು ಮಾಡಿದವಳು ನಾನು. "ನಿಧಾನ ಕಣೇ ಟಕಟಕಿ, ಮಿಷನ್ನು ಮುರಿದೀಯ" ಅಂತ ರೇಗಿಸುತ್ತಿದ್ದೆಯಲ್ಲ. ಮೂಗಿಗೆ ಕಾರ್ಬನ್ ಮಸಿ ಮೆತ್ತಿಕೊಂಡೇ ಮನೆಗೆ ಬರುತ್ತಿದ್ದೆ. ಎಷ್ಟು ಖುಷಿಯಾಗಿದ್ದೆವು ಅಣ್ಣಾ.

ಇಷ್ಟು ವರ್ಷ ಎಲ್ಲೂ ಸಿಗದಿದ್ದ ವರದಿಯ ಮೂರನೇ ಸಂಪುಟ ಹೋದ ವಾರ ಲೈಬ್ರರಿಗೆ ಬಂತು. ನಾವು ಟೈಪು ಮಾಡಿದ ಹಾಳೆಗಳನ್ನೇ ಇದ್ದ ಹಾಗೆ ಅಚ್ಚು ಹಾಕಿದ್ದಾರೆ, ಅಡಿಯಲ್ಲಿ ಟೈಪು ಮಾಡಿದವಳು ಅಂತ ನನ್ನ ಎರಡಕ್ಷರದ ಗುರುತೂ ಇದೆ. ಸಿಮೆಂಟು ಚೆನ್ನಾಗಿದೆ ಅನ್ನುವ ಕಾಗದಕ್ಕೆ ಸಹಿ ಹಾಕಿ ಜೈಲಿಗೆ ಹೋದನಲ್ಲ, ಆ ಗುಮಾಸ್ತ, ಅವನ ಹೇಳಿಕೆ ಓದುತ್ತಿದ್ದೆ. "ಸಾಹೇಬರು ಅವಸರ ಮಾಡಿದರು. ನೋಡಿದೆ ಸಹಿ ಹಾಕಿದೆ." ಅಲ್ಲೇ ಕಣ್ಣು ನಿಂತಿತು. ನೋಡಿದವನಾದರೆ "ನೋಡಿ ಸಹಿ ಹಾಕಿದೆ" ಅನ್ನುತ್ತಾನೆ. "ನೋಡಿದೆ ಸಹಿ ಹಾಕಿದೆ" ಅಂತ ಯಾವ ಮನುಷ್ಯ ಮಾತಾಡುತ್ತಾನೆ ಹೇಳು? ಅವನು ಅಂದದ್ದು "ನೋಡದೆ ಸಹಿ ಹಾಕಿದೆ" ಅಂತ. ಡಕಾರದ ಮೇಲೆ ಒಂದು ಗುಡಿಸು ಜಾಸ್ತಿ ಬಿದ್ದಿದೆ, ಅಷ್ಟೇ. ಅದೊಂದನ್ನೇ ಹಿಡಿದುಕೊಂಡು, ಇವನಿಗೆಲ್ಲ ಗೊತ್ತಿತ್ತು ಅಂತ ಆಯೋಗ ತೀರ್ಮಾನಿಸಿತು. ಆಮೇಲೆ ಕೋರ್ಟಿನಿಂದ ಮೂರು ವರ್ಷ ಜೈಲು. ಮಂತ್ರಿ ಎರಡೇ ವರ್ಷಕ್ಕೆ ಮತ್ತೆ ಕುರ್ಚಿಯಲ್ಲಿದ್ದ. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿದ ಹಾಗಾಯಿತು. ಪಾಪ, ನಾವು ಟೈಪು ಮಾಡಿಕೊಟ್ಟ ಆ ಹೇಳಿಕೆಗೂ ಅವನು ನೋಡದೆಯೇ ಸಹಿ ಹಾಕಿದನೋ ಏನೋ.

ಇಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಮೊನ್ನೆ ಅದೇ ಸಂಪುಟ ಕೇಳಿಕೊಂಡು ಒಬ್ಬಳು ಬಂದು ನನ್ನೆದುರೇ ಕೂತಳು. ಗುಮಾಸ್ತನ ಮಗಳು. ಅವನಿನ್ನೂ ಇದ್ದಾನೆ ಅಣ್ಣಾ, ಹಾಸಿಗೆ ಹಿಡಿದಿದ್ದಾನೆ. "ನಾನು ನೋಡಿರಲಿಲ್ಲ, ನೋಡಿರಲಿಲ್ಲ" ಅಂತ ದಿನವೂ ಹೇಳುತ್ತಾನಂತೆ. "ಚಿಕ್ಕವಳಿದ್ದಾಗ ನಾನೇ ನಂಬಲಿಲ್ಲ ಅಮ್ಮಾ" ಅಂದಳು. ನಾನು ಏನು ಮಾಡಿದೆ ಗೊತ್ತಾ? ನನ್ನ ಗುರುತಿನ ಮೇಲೆ ಅಂಗೈ ಮುಚ್ಚಿಕೊಂಡು ಕೂತೆ. ಥೂ, ನನ್ನ ಜನ್ಮಕ್ಕಿಷ್ಟು! ಇಪ್ಪತ್ತೈದಕ್ಕೆ ಅವರ ಮನೆಗೆ ಹೋಗುತ್ತೇನೆ, ಅವಳು ವಿಳಾಸ ಕೊಟ್ಟಿದ್ದಾಳೆ. ನನ್ನ ಬೆರಳು ತಪ್ಪಿತು ಅಂತ ಅವನ ಕಾಲು ಮುಟ್ಟಿ ಹೇಳಬೇಕು ಅಂತಿದ್ದೇನೆ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಟಕಟಕಿ

ತಾ.ಕ.: ನೀನು ಊರು ಬಿಡುವಾಗ ನನ್ನಲ್ಲಿ ಇಟ್ಟುಹೋದ ಟ್ರಂಕನ್ನು ಇವತ್ತು ತೆಗೆದೆ. ಗುಮಾಸ್ತ ಹೇಳಿಕೆ ಕೊಟ್ಟ ದಿನದ ನಿನ್ನ ಶೀಘ್ರಲಿಪಿ ಪುಸ್ತಕ ಸಿಕ್ಕಿತು. ವ್ಯಂಜನದ ಗೆರೆಯಷ್ಟೇ ಸಾಕು, ಸ್ವರದ ಚುಕ್ಕೆ ಇಡುತ್ತಾ ಕೂತರೆ ಕೈ ಹಿಂದೆ ಬೀಳುತ್ತದೆ, ಬಿಟ್ಟೇ ಬರಿ ಅಂತ ನನಗೆ ಕಲಿಸಿದವನು ನೀನು. ಇಡೀ ಪುಸ್ತಕದಲ್ಲಿ ಎಲ್ಲೂ ಚುಕ್ಕೆಯಿಲ್ಲ. "ನೋಡದೆ" ಅನ್ನುವ ಆ ಒಂದು ಪದದ ಪಕ್ಕದಲ್ಲಿ ಮಾತ್ರ ಇಕಾರದ ಚುಕ್ಕೆ ಇದೆ. ಉಳಿದದ್ದೆಲ್ಲ ಪೆನ್ಸಿಲು, ಅದೊಂದು ಇಂಕು. ಯಾರು ಹೇಳಿ ಇಡಿಸಿದರು ಅಂತ ನಾನು ಕೇಳುವುದಿಲ್ಲ. ಇಪ್ಪತ್ತೈದಕ್ಕೆ ನೀನು ಬರುತ್ತೀಯೋ, ಇಲ್ಲ ನಾನೊಬ್ಬಳೇ ಪುಸ್ತಕ ತೆಗೆದುಕೊಂಡು ಹೋಗಲೋ, ಅಷ್ಟು ಬರಿ.